ಫಿಲ್ಟರ್ ಕಟ್ಟಿಕೊಂಡ ಮಧ್ಯಾಹ್ನ

ಹಾಸನದ ಒಂದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಎದುರಿಗೆ ಹಸಿರು ಪರದೆ ಬಿಟ್ಟ ಬಾಗಿಲು. ಅದರಾಚೆ ಅಪ್ಪನ ಎಡಗಣ್ಣಿನ ಪೊರೆ ತೆಗೆಯುತ್ತಿದ್ದಾರೆ. ಜೊತೆಗೆ ಒಬ್ಬರನ್ನು ಮಾತ್ರ ಒಳಕೋಣೆಯವರೆಗೆ ಬಿಡುತ್ತೇವೆ ಅಂದರು, ಅಕ್ಕ ಹೋದಳು. ನನ್ನ ಪಾಲಿಗೆ ಉಳಿದದ್ದು ಈ ಬೆಂಚು ಮತ್ತು ತೊಡೆಯ ಮೇಲಿನ ಒಂದು ರಟ್ಟಿನ ಡಬ್ಬಿ. ಬರುವ ದಾರಿಯಲ್ಲಿ ಅಂಗಡಿಯಿಂದ ತೆಗೆದುಕೊಂಡದ್ದು. ಸುಮ್ಮನೆ ಕೂರಲಾರದೆ ಡಬ್ಬಿ ಬಿಚ್ಚಿ, ಒಳಗಿನದನ್ನು ಕೈಯಲ್ಲಿ ತಿರುಗಿಸುತ್ತಿದ್ದೇನೆ. ಬಿಳಿ ಕಾಗದವನ್ನು ಸೀರೆಯ ನೆರಿಗೆಯಂತೆ ಮಡಿಸಿ ಮಡಿಸಿ ಸುತ್ತಿದ ಒಂದು ಗುಂಡು ಡೋಲು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. “ಏನ್ ಸಾ ಇದು, ಲಾಟೀನಾ?” ಅಂದರು.

“ಅಲ್ಲ ಯಜಮಾನ್ರೇ, ಫಿಲ್ಟರು. ಮರದ ಧೂಳು ಎಳೆಯೋ ಮಿಷನ್ನಿಗೆ ಹಾಕೋದು. ಧೂಳು ಸೋಸ್ತದೆ.”

“ಧೂಳ್ನ ಸೋಸ್ಕೊಂಡು ಏನ್ ಮಾಡೀರಿ?”

ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ ಉದ್ದವಿದೆ. ಅವರು ಅಷ್ಟರಲ್ಲಿ ತೂಕಡಿಸತೊಡಗಿದ್ದರಿಂದ ಅದನ್ನು ನಿಮಗೇ ಹೇಳುತ್ತೇನೆ. ಆ ಬಾಗಿಲು ತೆರೆಯುವವರೆಗೆ ನನಗೂ ಯಾರಾದರೊಬ್ಬರು ಜೊತೆಗೆ ಬೇಕು.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯ ಕಡೆ. ರಾಗಿ, ತೆಂಗು, ಎರಡು ಹಸು, ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ಮನೆಗೆ ಗಂಡುಮಗ ಅಂತ ನಾನೊಬ್ಬನೇ. ನನಗೋ ಆರಂಭ, ಅಂದರೆ ಬೇಸಾಯ, ಹತ್ತಲಿಲ್ಲ. ನೇಗಿಲು ನೋಡಿದರೆ ಅದರ ಮರ ಯಾವುದು, ಎಳೆ ಹೇಗಿದೆ ಅನ್ನುವುದರ ಕಡೆಗೇ ಕಣ್ಣು ಹೋಗುತ್ತಿತ್ತು. ಬಿ.ಎ. ಮುಗಿಸಿ, ಇನ್ನೊಬ್ಬರ ಹತ್ತಿರ ಕೆಲಸ ಕಲಿತು, ಚನ್ನರಾಯಪಟ್ಟಣದ ಹೊರವಲಯದಲ್ಲಿ ಬಾಗಿಲು ಕಿಟಕಿ ಮಾಡುವ ಒಂದು ಶೆಡ್ಡು ಹಾಕಿದೆ. ಹಿಂದುಗಡೆಗೆ ಅಂಟಿಕೊಂಡಂತೆ ಮನೆ. ಅಪ್ಪ ಅದನ್ನು ಒಂದು ದಿನವೂ ವರ್ಕ್‌ಶಾಪು ಅನ್ನಲಿಲ್ಲ. “ಮಿಲ್ಲು” ಅನ್ನುತ್ತಿದ್ದ. “ನನ್ ಮಗ ಮಿಲ್ಲಲ್ಲಿ ಧೂಳ್ ಕುಡೀತಾವ್ನೆ” ಅಂತ ಊರವರಿಗೆ ಹೇಳುತ್ತಿದ್ದನಂತೆ.

ಅಕ್ಕ ಸರೋಜ ನನಗಿಂತ ದೊಡ್ಡವಳು. ಹೊಳೆನರಸೀಪುರಕ್ಕೆ ಕೊಟ್ಟಿದೆ. ಭಾವನದು ಕಾಫಿಪುಡಿ ಅಂಗಡಿ. ಕೂತು ಕೂತು ಬೇಜಾರಾಗಿ ಒಮ್ಮೆ ನನ್ನ ಶೆಡ್ಡಿಗೆ ಬಂದವಳು ಪಾಲಿಷ್ ಬಟ್ಟೆ ಕೈಗೆ ತೆಗೆದುಕೊಂಡಳು. ಆಮೇಲೆ ಬಿಡಲೇ ಇಲ್ಲ. ಪಾಲಿಷ್ ಕೆಲಸ ಬಂದಾಗಲೆಲ್ಲ ಬಸ್ಸು ಹತ್ತಿ ಬರುವಳು. ಕೆಲಸ ಹೆಚ್ಚಿದ್ದರೆ ನಮ್ಮ ಮನೆಯಲ್ಲೇ ಉಳಿಯುವಳು. ಮರಕ್ಕೆ ಬಣ್ಣ ಕೂರಿಸುವುದರಲ್ಲಿ ಅವಳ ಕೈ ನನ್ನ ಕೈಗಿಂತ ಮೇಲು. ಬಾಯಿಯೂ ಹಾಗೆಯೇ.

ಪಾಲಿಷ್ ಮಾಡುವವರ ಶತ್ರು ಧೂಳು. ಬಾಗಿಲಿಗೆ ಕೊನೆಯ ಕೈ ಹೊಡೆದು, ಅದು ಕನ್ನಡಿಯಂತೆ ಹೊಳೆಯುತ್ತಿರುವಾಗ ಎಲ್ಲಿಂದಲೋ ಬಂದು ಒಂದು ಕಣ ಕೂತರೆ ಮುಗಿಯಿತು, ಮತ್ತೆ ಉಪ್ಪುಕಾಗದ ಹಾಕಿ ಉಜ್ಜಬೇಕು. ಉಜ್ಜಿದರೆ ಮತ್ತೆ ಧೂಳು. ಅಕ್ಕನ ಕಾಟ ತಾಳಲಾರದೆ ನಾನು ಹಾಸನದಿಂದ ಒಂದು ವ್ಯಾಕ್ಯೂಮ್ ಮಿಷನ್ನು ತಂದೆ. ಕೆಳಗೆ ತಗಡಿನ ಡ್ರಮ್ಮು, ಮೇಲೆ ಮೋಟಾರಿರುವ ಪ್ಲಾಸ್ಟಿಕ್ಕಿನ ತಲೆ, ತಲೆಯ ಕೆಳಗೆ ಡ್ರಮ್ಮಿನೊಳಕ್ಕೆ ಇಳಿಬಿಟ್ಟ ಈ ಕಾಗದದ ಫಿಲ್ಟರು. ಉಜ್ಜುವ ಮಿಷನ್ನಿಗೇ ಪೈಪು ಸಿಕ್ಕಿಸಿಬಿಟ್ಟರೆ ಎದ್ದ ಧೂಳು ಎದ್ದಲ್ಲೇ ಒಳಕ್ಕೆ. ಮೊದಲ ದಿನ ಅಕ್ಕ ಶೆಡ್ಡಿನ ನೆಲದ ಮೇಲೆ ಬೆರಳೆಳೆದು ನೋಡಿ, “ಈಗ ಮನ್ಸರಿರೋ ಜಾಗ ಆಯ್ತು” ಅಂದಳು.

ಸಂತೋಷ ವಾರ ಬಾಳಲಿಲ್ಲ. ಮರದ ಸಣ್ಣ ಧೂಳು ಗೋಧಿಹಿಟ್ಟಿಗಿಂತ ನುಣುಪು. ಅದು ಆ ಕಾಗದದ ನೆರಿಗೆಗಳೊಳಗೆ ಹೋಗಿ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡ ಮೇಲೆ ಮಿಷನ್ನು ಕೂಗುವುದು ಜೋರಾಗುತ್ತದೆ, ಎಳೆಯುವುದು ಕಮ್ಮಿಯಾಗುತ್ತದೆ. ಕೆಲವು ಮನುಷ್ಯರೂ ಹಾಗೆಯೇ ಅನ್ನಿ. ನಾನು ಮಿಷನ್ನಿನ ಜೊತೆ ಬಂದ ಪುಸ್ತಕ ತೆಗೆದು ಓದುತ್ತ ಕೂತೆ. ಅಕ್ಕ ಫಿಲ್ಟರು ಕಿತ್ತು ಕಂಬಕ್ಕೆ ಡಬಡಬ ಬಡಿದಳು. ಒಳಗಿದ್ದ ಧೂಳೆಲ್ಲ ಶೆಡ್ಡಿಗೆ ವಾಪಸ್ಸು ಬಂತು. ಇನ್ನೊಮ್ಮೆ ಅದನ್ನು ನಲ್ಲಿಗೆ ಹಿಡಿದು ತೊಳೆದು, ಪೂರಾ ಒಣಗುವ ಮೊದಲೇ ಸಿಕ್ಕಿಸಿದಳು. ಒಳಗೆ ಹೋದ ಧೂಳು ತೇವ ಹೀರಿ ರಾಗಿ ಅಂಬಲಿಯಂತಾಗಿ, ಆಮೇಲೆ ಒಣಗಿ ಗಟ್ಟಿ ಹಿಡಿದು, ಆ ಫಿಲ್ಟರನ್ನು ನಾವು ಉಳಿಯಲ್ಲಿ ಕೆತ್ತಬೇಕಾಯಿತು. ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಹಳೆಯ ವಾಯಿಲ್ ಸೀರೆಯ ತುಂಡೊಂದನ್ನು ಫಿಲ್ಟರಿಗೆ ಹೊರಗಿನಿಂದ ಸುತ್ತಿ ದಾರ ಕಟ್ಟಿದಳು. ಧೂಳು ಬಟ್ಟೆಗೆ ಮೆತ್ತುತ್ತದೆ, ಬಟ್ಟೆ ಕೊಡವಿದರಾಯಿತು. ಕೆಲಸವೇನೋ ಆಯಿತು. ಆದರೆ ಗಳಿಗೆಗೊಮ್ಮೆ ಮುಚ್ಚಳ ತೆಗೆದು ಕೊಡವಬೇಕು. ತೆಗೆದು ಹಾಕಿ, ತೆಗೆದು ಹಾಕಿ, ಮುಚ್ಚಳ ಹಿಡಿಯುವ ಕ್ಲಿಪ್ಪುಗಳಲ್ಲಿ ಒಂದು ಮುರಿದುಹೋಯಿತು. ಆ ಕಡೆಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದೆವು.

ಇಂಥ ಹೊತ್ತಿಗೆ ಅಪ್ಪ ಬಂದ.

ಅವನ ಬಲಗಣ್ಣಿನ ಪೊರೆಯ ಆಪರೇಷನ್ ಇದೇ ಆಸ್ಪತ್ರೆಯಲ್ಲಿ ಆಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ಧೂಳು ಸೋಕಲೇಬಾರದು ಅಂದಿದ್ದರು ಡಾಕ್ಟರು. ಊರಿನಲ್ಲಿ ಒಕ್ಕಣೆಯ ಕಾಲ, ಮನೆ ತುಂಬ ಹೊಟ್ಟು. ಅಮ್ಮ ಇಲ್ಲವಾದ ಮೇಲೆ ಅಲ್ಲಿ ಔಷಧ ಬಿಡುವವರೂ ಇರಲಿಲ್ಲ. ಹಾಗಾಗಿ ನಮ್ಮ ಮನೆಗೆ ಕರೆತಂದೆ. ಎಂಥಾ ಜಾಗಕ್ಕೆ ಕರೆತಂದೆ ನೋಡಿ! ಆದರೂ ನಮ್ಮಲ್ಲಿ ಧೂಳಿಲ್ಲದ ಒಂದು ಕೋಣೆ ಇತ್ತು. ಪಾಲಿಷ್ ಕೋಣೆ. ಕಿಟಕಿಗೆಲ್ಲ ಟೇಪು ಹೊಡೆದು, ಬಾಗಿಲಿನ ಸಂದಿಗೆ ರಬ್ಬರು ಬಡಿದು ಅಕ್ಕ ಅದನ್ನು ಗರ್ಭಗುಡಿಯಂತೆ ಇಟ್ಟಿದ್ದಳು. ಅವಳೇ ಹೇಳಿದಳು, “ಅಗಲೊತ್ತು ಅಪ್ಪನ ಮಂಚ ಅಲ್ಲಾಕು. ಪಾಲಿಷ್ ಕೆಲಸ ಇನ್ನೂ ಸುರುವಾಗಿಲ್ಲ. ಮನೇಗಿಂತ ಅದೇ ವಾಸಿ.” ಒಂದು ಮೂಲೆಯಲ್ಲಿ ಥಿನ್ನರ್ ಮತ್ತು ಪಾಲಿಷ್ ಡಬ್ಬಗಳಿದ್ದವು. ಮುಚ್ಚಳ ಬಿಗಿಯಾಗಿದೆಯೋ ಇಲ್ಲವೋ ನೋಡಿ ಅಪ್ಪನ ಹಾಸಿಗೆ ಹಾಸಿದೆವು.

ಇದನ್ನು ಅವಳು ನನಗೆ ಹೇಳಿದಳು, ಅಪ್ಪನಿಗಲ್ಲ. ಅವರಿಬ್ಬರಿಗೂ ಮಾತು ನಿಂತು ಬಹಳ ವರ್ಷಗಳಾಗಿದ್ದವು. ಜಮೀನೆಲ್ಲ ನನ್ನ ಹೆಸರಿಗೆ ಮಾಡಬೇಕೆಂದು ಅಪ್ಪ ಕಾಗದ ಬರೆಸಿದ್ದ. ಮಗಳಾದವಳು ಹಕ್ಕು ಬಿಟ್ಟೆ ಅಂತ ಒಂದು ರುಜು ಹಾಕಬೇಕು, ಊರಿನಲ್ಲಿ ಎಲ್ಲ ಹೆಣ್ಣುಮಕ್ಕಳೂ ಹಾಕುತ್ತಾರೆ. ಅಕ್ಕ ಹಾಕಲಿಲ್ಲ. “ನಂಗೆ ಜಮೀನ್ ಬ್ಯಾಡ ಅಂತ ನಾನ್ಯಾವತ್ತು ಅಂದೆ?” ಅಂದಳು. ಅಷ್ಟೇ. ಅಪ್ಪನಿಗೆ ಅದು ಮುಖಕ್ಕೆ ಹೊಡೆದ ಹಾಗಾಯಿತು. ನಾನು ನಡುವೆ ನಿಂತು, ನನಗೆ ಪೂರ್ತಿ ಜಮೀನು ಬೇಡ ಅಂದರೂ ಇಬ್ಬರಿಗೂ ಕೇಳಿಸಲಿಲ್ಲ.

ಹಾಗಾಗಿ ಆ ದಿನಗಳಲ್ಲಿ ನಾನು ಟಪಾಲಿನವನಾಗಿದ್ದೆ. ಅಪ್ಪ ಮಂಚದ ಮೇಲೆ, ಅಕ್ಕ ಬಾಗಿಲಲ್ಲಿ, ನಡುವೆ ನಾನು.

“ಆ ಮಿಷನ್ ಸವುಂಡು ಕಮ್ಮಿ ಮಾಡು ಅಂತ ಅವ್ಳಿಗ್ ಯೋಳ್ಲಾ.”

“ಕಿವಿ ಕೇಳಲ್ಲ ಅಂತಾರಲ್ಲ, ಸವುಂಡ್ ಎಂಗ್ ಕೇಳ್ತು ಅಂತ ಕೇಳು.”

ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನನ್ನ ಮುಖಕ್ಕೇ ಬಯ್ಯುತ್ತಿದ್ದರು. ಆದರೆ ಅಪ್ಪ ಕೋಣೆಯಲ್ಲಿದ್ದಾಗ ಅಕ್ಕ ವ್ಯಾಕ್ಯೂಮ್ ಇಲ್ಲದೆ ಒಂದು ಹಲಗೆ ಉಜ್ಜಲೂ ನನ್ನನ್ನು ಬಿಡುತ್ತಿರಲಿಲ್ಲ. ಮಿಷನ್ನನ್ನು ಪಾಲಿಷ್ ಕೋಣೆಯ ಹೊಸ್ತಿಲ ಬುಡಕ್ಕೇ ತಂದಿಟ್ಟಳು. ಬಾಗಿಲ ಹತ್ತಿರ ಹಾರುವ ಧೂಳೂ ಒಳಕ್ಕೆ ಹೋಗಬಾರದು ಅಂತ. ಫಿಲ್ಟರಿನ ಬಟ್ಟೆಯನ್ನು ಮೊದಲಿಗಿಂತ ಹೆಚ್ಚು ಸಲ ಬಿಚ್ಚಿ ಕೊಡವುತ್ತಿದ್ದಳು, ಅದೂ ಶೆಡ್ಡಿನಿಂದ ದೂರ, ಹಿತ್ತಲಿಗೆ ಹೋಗಿ.

ಆಗ ಕೈಯಲ್ಲಿದ್ದದ್ದು ಅರಕಲಗೂಡಿನ ಕಡೆಯ ಒಂದು ಮನೆತನದ ಕೆಲಸ. ಹಳೆಯ ಮನೆ ಕೆಡವಿ, ಅದರ ಹೊನ್ನೆ ಮರದ ಬಾಗಿಲುಗಳನ್ನು ಹಾಸನದಲ್ಲಿ ಕಟ್ಟಿದ ಹೊಸ ಮನೆಗೆ ಕೂರಿಸಬೇಕೆಂದು ತಂದುಕೊಟ್ಟಿದ್ದರು. ಗೃಹಪ್ರವೇಶ ಹತ್ತಿರ ಬಂದಿತ್ತು. ತಲೆಮಾರುಗಳ ಬಣ್ಣ, ಎಣ್ಣೆ, ಮಸಿ. ಅದನ್ನೆಲ್ಲ ಉಜ್ಜಿ ತೆಗೆದರೆ ಒಳಗೆ ಮರ ಜೇನುತುಪ್ಪದ ಬಣ್ಣಕ್ಕೆ ಬರುತ್ತಿತ್ತು. ಹಳೆಯ ಬಾಗಿಲುಗಳಲ್ಲಿ ಒಂದು ತೊಂದರೆಯಿದೆ. ತೋರಣ ಕಟ್ಟಲೋ, ದೀಪ ನೇತುಹಾಕಲೋ ಯಾವ ಕಾಲದಲ್ಲೋ ಹೊಡೆದ ಮೊಳೆಗಳು ತಲೆ ಮುರಿದು, ಮೇಲೆ ಬಣ್ಣ ಕೂತು, ಕಾಣದ ಹಾಗೆ ಒಳಗೇ ಇರುತ್ತವೆ.

ಆ ಬೆಳಿಗ್ಗೆ ನಾನು ಉಜ್ಜುತ್ತಿದ್ದಾಗ ಅಂಥದೊಂದು ಸಿಕ್ಕಿತು. ಟಿಣ್ ಅಂತ ಸದ್ದು, ಒಂದೆರಡು ಕಿಡಿ. ಹೊಸದಲ್ಲ, ಮೊಳೆ ಕಿತ್ತು ಕೆಲಸ ಮುಂದುವರಿಸಿದೆ. ಕಿಡಿ ಎಲ್ಲಿ ಹೋಯಿತು ಅಂತ ಯಾರೂ ಹುಡುಕುವುದಿಲ್ಲ, ಕಿಡಿ ಆರಿಹೋಗುತ್ತದೆ ಅಂತಲೇ ನಮ್ಮ ಲೆಕ್ಕ. ಆದರೆ ಉಜ್ಜುವ ಮಿಷನ್ನಿನ ಬಾಯಿಗೆ ಪೈಪಿತ್ತು. ಪೈಪಿನ ಆ ತುದಿಯಲ್ಲಿ ಡ್ರಮ್ಮು ತುಂಬ ಒಣ ಧೂಳಿತ್ತು. ಸ್ವಲ್ಪ ಹೊತ್ತಿಗೆ ವ್ಯಾಕ್ಯೂಮು ಕೂಗತೊಡಗಿತು, ಎಳೆಯುವುದು ಕಮ್ಮಿಯಾಯಿತು. ಫಿಲ್ಟರು ಕಟ್ಟಿಕೊಂಡಿದೆ, ಊಟ ಮಾಡಿ ಬಂದು ಬಿಚ್ಚೋಣ ಅಂದಳು ಅಕ್ಕ. ಎಲ್ಲ ಆಫ್ ಮಾಡಿ ಮನೆಗೆ ಹೋದೆವು. ಅಪ್ಪ ಮೊದಲೇ ಉಂಡು ಪಾಲಿಷ್ ಕೋಣೆಯಲ್ಲಿ ಮಲಗಿದ್ದ. ನನ್ನ ಹೆಂಡತಿ ಟೀಚರು, ಶಾಲೆಗೆ ಹೋಗಿದ್ದಳು.

ಊಟ ಮುಗಿಸಿ ಅಕ್ಕ ನನಗಿಂತ ಮುಂಚೆ ಎದ್ದು ಹೋದಳು. ನಾನು ಕೈ ತೊಳೆದು ಶೆಡ್ಡಿನೊಳಗೆ ಕಾಲಿಟ್ಟೆ. ಒಂದು ವಾಸನೆ ಬಂತು. ರಾಗಿ ಹುರಿಯಲು ಬಾಣಲೆಗೆ ಹಾಕಿ ಮರೆತುಬಿಟ್ಟರೆ ಬರುತ್ತದಲ್ಲ, ಅಂಥದು. ಅಕ್ಕ ಮಿಷನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಟ್ಯೂಬಿನ ಪಟ್ಟಿ ಬಿಚ್ಚಿದ್ದಳು. ಇನ್ನೊಂದು ಕಡೆಯ ಕ್ಲಿಪ್ಪೂ ತೆಗೆದಾಗಿತ್ತು. ಮುಚ್ಚಳವನ್ನು ಒಂದು ಬೆರಳಿನಷ್ಟು ಎತ್ತಿದಳು. ಒಳಗಿನಿಂದ ಬಿಳಿ ಹೊಗೆಯ ಒಂದು ಎಳೆ ಹೊರಟು ಅವಳ ಮೊಣಕೈಯನ್ನು ಸುತ್ತಿತು. ಆ ಸಂದಿಯಲ್ಲಿ ಕೆಂಪಗೆ ಏನೋ ಮಿಣುಕಿತು.

“ಅಕ್ಕಾ, ತೆಗೀಬ್ಯಾಡ!”

ನಾನು ಕೂಗುವ ಮೊದಲೇ ಅವಳು ಮುಚ್ಚಳವನ್ನು ಕೆಳಕ್ಕೆ ಒತ್ತಿಬಿಟ್ಟಿದ್ದಳು. ಎರಡೂ ಅಂಗೈ ಅದರ ಮೇಲೆ, ಮೈಭಾರವೆಲ್ಲ ಕೈ ಮೇಲೆ.

ನಮ್ಮ ಮನೆಯಲ್ಲಿ ನೀರು ಕಾಯಿಸಲು ಮರದ ಹೊಟ್ಟಿನ ಒಲೆಯಿತ್ತು. ಉರಿಯುವ ಒಲೆಗೆ ಸಣ್ಣ ಧೂಳು ಒಂದು ಹಿಡಿ ಎರಚಿದರೆ ಅದು ನಿಧಾನವಾಗಿ ಉರಿಯುವುದಿಲ್ಲ. ಗಾಳಿಯಲ್ಲೇ ಭಗ್ ಅಂತ ಹತ್ತಿಕೊಂಡು ಹುಬ್ಬು ಸುಡುತ್ತದೆ. ಇಬ್ಬರಿಗೂ ಅದು ಗೊತ್ತು. ಈ ಡ್ರಮ್ಮಿನೊಳಗೆ ಇರುವುದು ಎಷ್ಟು ಹಿಡಿ? ಮುಚ್ಚಳ ಎದ್ದರೆ ಗಾಳಿ ಹೋಗುತ್ತದೆ, ಅಲ್ಲಾಡಿದರೆ ಧೂಳು ಏಳುತ್ತದೆ. ಮಿಷನ್ನು ಕೂತಿರುವುದು ಪಾಲಿಷ್ ಕೋಣೆಯ ಹೊಸ್ತಿಲಲ್ಲಿ. ಕೋಣೆಯೊಳಗೆ ಥಿನ್ನರ್ ಡಬ್ಬಗಳು. ಡಬ್ಬಗಳ ಪಕ್ಕದಲ್ಲಿ ಅಪ್ಪ.

ಆ ಕೋಣೆಗೆ ಬೇರೆ ಬಾಗಿಲಿಲ್ಲ. ಕಿಟಕಿಗೆ ಸರಳು.

ಓಡಿಹೋಗಿ ಪ್ಲಗ್ಗು ಕಿತ್ತೆ. ಬಕೆಟ್ಟು ತರಲೇ ಅಂದೆ. “ಮುಚ್ಚಳ ತೆಗೀದೆ ಎಲ್ಲಿಗ್ ಉಯ್ತೀಯಾ?” ಅಂದಳು. ಕ್ಲಿಪ್ಪು ಮತ್ತೆ ಹಾಕಲು ನೋಡಿದೆ, ಬಿಸಿಗೆ ಬಾಗಿದ ಮುಚ್ಚಳಕ್ಕೆ ಅದು ಕೂರಲಿಲ್ಲ. ಪಕ್ಕಕ್ಕೆ ತಳ್ಳೋಣ ಅಂದೆ. ಮಿಷನ್ನಿನ ಒಂದು ಗಾಲಿ ಮುರಿದು ತಿಂಗಳಾಗಿತ್ತು. ಅದರ ಒಂದು ಕಡೆಗೆ ಹೊಸ್ತಿಲು, ಇನ್ನೊಂದು ಕಡೆಗೆ ಒರಗಿಸಿಟ್ಟ ಅರಕಲಗೂಡಿನ ಬಾಗಿಲುಗಳು.

“ಮೊದ್ಲು ಅಪ್ಪನ್ನ ಆಚಿಗ್ ತಾ,” ಅಂದಳು ಅಕ್ಕ. ದನಿ ತಣ್ಣಗಿತ್ತು. ಹಣೆಯಲ್ಲಿ ಬೆವರು ಹನಿ ಕಟ್ಟಿತ್ತು. “ನಾನ್ ಇಡ್ಕೊಂಡಿರ್ತೀನಿ. ಓಗು.”

ಅವಳ ಭುಜ ಸವರಿಕೊಂಡು, ಮಿಷನ್ನು ದಾಟಿ ಒಳಗೆ ಹೋದೆ. ಅಪ್ಪ ಅಂಗಾತ ಮಲಗಿ, ಕಪ್ಪು ಕನ್ನಡಕ ಹಾಕಿಕೊಂಡೇ ಗೊರಕೆ ಹೊಡೆಯುತ್ತಿದ್ದ. ಭುಜ ಹಿಡಿದು ಅಲ್ಲಾಡಿಸಿದೆ.

“ಯಾಕ್ಲಾ? ಈಗ್ ತಾನೆ ಜೊಂಪು ಅತ್ತಿತ್ತು.”

“ಏಳಪ್ಪ, ಆಚಿಗ್ ಬಾ.”

“ಔಸ್ದ ಆಗ್ಲೇ ಬುಟ್ಟಾಯ್ತಲ್ಲ.”

“ಔಸ್ದ ಅಲ್ಲ, ಏಳು!”

ಅವನು ನಿಧಾನವಾಗಿ ಎದ್ದು ಕೂತು ಕಾಲಲ್ಲಿ ಚಪ್ಪಲಿ ಹುಡುಕಿದ. ಒಂದು ಸಿಕ್ಕಿತು. ಇನ್ನೊಂದಕ್ಕೆ ನೆಲ ತಡಕಾಡತೊಡಗಿದ. ಎಡಗಣ್ಣು ಮೊದಲೇ ಮಂಜು, ಬಲಗಣ್ಣಿಗೆ ಔಷಧ. ನನ್ನ ಬೆನ್ನ ಹಿಂದೆ ಅಕ್ಕ ಒಮ್ಮೆ ಹಲ್ಲು ಕಚ್ಚಿ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಅವನ ಕಿವಿಗೆ ಬಾಯಿಟ್ಟು ಕಿರುಚಿದೆ: “ಬೆಂಕಿ!”

ಆ ಪದ ಕೇಳಿಸಿತು. ತಟ್ಟನೆ ಎದ್ದು ನಿಂತ. “ಯಾವ್ ಬಣವೇಗ್ಲಾ?” ಅಂದ. ನಿದ್ದೆಗಣ್ಣಿನಲ್ಲಿ ಅವನು ಊರಿನಲ್ಲಿದ್ದ.

ಕೈ ಹಿಡಿದು ನಡೆಸಿದೆ. ಹೊಸ್ತಿಲಲ್ಲಿ ಅವನನ್ನು ಅರ್ಧ ಎತ್ತಿಯೇ ಮಿಷನ್ನು ದಾಟಿಸಬೇಕಾಯಿತು. ಅವನ ಪಂಚೆಯ ಅಂಚು ಅಕ್ಕನ ಮುಖಕ್ಕೆ ತಾಗಿತು. ಅವಳು ಕದಲಲಿಲ್ಲ. ಮುಚ್ಚಳದ ಅಂಚಿನಲ್ಲಿ ಪ್ಲಾಸ್ಟಿಕ್ಕು ಮೆತ್ತಗಾಗುತ್ತಿರುವುದು ನನಗೆ ಕಾಣುತ್ತಿತ್ತು. ಅಪ್ಪನನ್ನು ಶೆಡ್ಡಿನ ಬಾಗಿಲ ಕಡೆಗೆ ಎಳೆದೆ. ಅವನು ನಾಲ್ಕು ಹೆಜ್ಜೆ ಬಂದು ನಿಂತುಬಿಟ್ಟ. ಮೂಗರಳಿಸಿ ವಾಸನೆ ನೋಡಿದ. ತಿರುಗಿದ.

“ಅವ್ಳೇನ್ಲಾ ಮಾಡ್ತಾವ್ಳೆ ಅಲ್ಲಿ?”

“ಅದ್ರೊಳ್ಗೆ ಬೆಂಕಿ ಅದೆ. ಮುಚ್ಚಳ ಬುಟ್ರೆ ಅತ್ಕೊತದೆ. ನೀ ಆಚಿಗ್ ನಡಿ, ನಾನ್ ಓಗಿ—”

ಅವನು ನನ್ನ ಮಾತು ಮುಗಿಯಲು ಬಿಡಲಿಲ್ಲ. ಕೈ ಕೊಡವಿಕೊಂಡು ಅವಳ ಕಡೆಗೇ ನಡೆದ. “ಸರೋಜಿ,” ಅಂದ. ಆ ಹೆಸರು ಅವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. “ಬುಡಮ್ಮಿ ಅದ್ನ. ಆಳಾಗೋಗ್ಲಿ. ಎದ್ದು ಬಾ ಆಚಿಗೆ.”

“ಬುಟ್ರೆ ಎಲ್ಲಾ ಓಯ್ತದೆ. ನೀನ್ ನಡಿಯಪ್ಪ.”

“ನೀನ್ ಬರ್ದೆ ನಾನೆಲ್ಲಿಗ್ ಓಗ್ಲಿ?”

“ಅಪ್ಪಾ, ಓಗು ಅಂದ್ನಲ್ಲ!”

ಅಪ್ಪ ಬಗ್ಗಿದ. ಬಗ್ಗಲೇಬಾರದಾದ ಮನುಷ್ಯ, ಕೊಬ್ಬರಿ ಮೂಟೆಗೆ ಕೈ ಹಾಕುವವನಂತೆ ಕಾಲಗಲಿಸಿ ಬಗ್ಗಿ, ಡ್ರಮ್ಮಿನ ಒಂದು ಕಡೆಯ ಹಿಡಿಗೆ ಕೈ ಹಾಕಿದ. ಕನ್ನಡಕ ಜಾರಿ ಕೆಳಗೆ ಬಿತ್ತು. ಅಕ್ಕ ಅರಚಿದಳು: “ಕಣ್ಣು! ಅಪ್ಪಾ, ಕಣ್ಣು!” ಅವನಿಗೆ ಅದು ಕೇಳಲಿಲ್ಲವೋ, ಕೇಳಿಯೂ ಬಿಟ್ಟನೋ. “ಆ ಕಡೆ ಇಡ್ಕೊಳ್ಲಾ,” ಅಂತ ನನಗೆ ಹೇಳಿದ.

ಹಿಡಿದೆ. ಬೇರೆ ದಾರಿಯಿರಲಿಲ್ಲ. ಇಬ್ಬರೂ ಸೇರಿ ಅದನ್ನು ನೆಲದಿಂದ ಗೇಣಿನಷ್ಟು ಎತ್ತಿದೆವು. ಅಕ್ಕ ಮುಚ್ಚಳ ಒತ್ತಿಕೊಂಡೇ ಎದ್ದು ನಿಂತಳು. ಜಾತ್ರೆಯಲ್ಲಿ ದೇವರ ಅಡ್ಡೆ ಹೊತ್ತವರಂತೆ ಮೂವರೂ ಅಡ್ಡಡ್ಡವಾಗಿ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಹೊರಟೆವು. ಶೆಡ್ಡಿನ ನೆಲದ ತುಂಬ ಹತ್ರಿ ಹೊಡೆದು ಕೀಸಿದ ಮರದ ಸಿಪ್ಪೆ. ಅದಕ್ಕೆ ಒಂದು ಕಿಡಿ ಬಿದ್ದರೂ ಸಾಕು. ಪೈಪು ಹಿಂದಿನಿಂದ ಹಾವಿನಂತೆ ಎಳೆದುಕೊಂಡು ಬಂದು ಒಂದು ಬಾಗಿಲಿಗೆ ಸಿಕ್ಕಿಹಾಕಿಕೊಂಡಿತು. ಕಾಲಲ್ಲಿ ಒದ್ದೆ, ಬಿಟ್ಟಿತು. ಪೈಪಿನ ಬಾಯಿಂದ ಒಂದು ಹಿಡಿ ಧೂಳು ಹಾರಿ ಅಪ್ಪನ ಮುಖಕ್ಕೆ ಬಡಿಯಿತು. ಅವನು ತಲೆ ಪಕ್ಕಕ್ಕೆ ತಿರುಗಿಸಿದ. ಹಿಡಿ ಬಿಡಲಿಲ್ಲ.

“ನಿಧಾನ. ಅಲ್ಲಾಡ್ಸಬ್ಯಾಡಿ,” ಅನ್ನುತ್ತಿದ್ದಳು ಅಕ್ಕ. “ನಿಧಾನ. ನಿಧಾನ.” ಅವಳ ದನಿಯಲ್ಲಿ ಅಳುವಿತ್ತು, ಕೈಯಲ್ಲಿರಲಿಲ್ಲ.

ಅಂಗಳಕ್ಕೆ ಬಂದು, ಗೋಡೆಗಳಿಂದ ದೂರ, ಮರಳು ಸುರಿದಿದ್ದ ಜಾಗದಲ್ಲಿ ಇಳಿಸಿದೆವು. ನಾನು ಅಪ್ಪನನ್ನು ಹಿಂದಕ್ಕೆಳೆದೆ. “ಬುಡು!” ಅಂದೆ. ಅಕ್ಕ ಕೈ ತೆಗೆಯಲು ಹೋದಳು. ಬರಲಿಲ್ಲ, ಬಲ ಅಂಗೈ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಕಿತ್ತುಕೊಂಡಳು. ಆ ಸದ್ದು ನಾನು ನಿಮಗೆ ವರ್ಣಿಸುವುದಿಲ್ಲ. ಅವಳು ಹಿಂದಕ್ಕೆ ಬಿದ್ದ ಮರುಗಳಿಗೆ ಮುಚ್ಚಳ ಓರೆಯಾಗಿ ಜಾರಿತು, ಭಗ್ ಅಂತ ಹಳದಿ ಉರಿ ಆಳೆತ್ತರ ಎದ್ದು, ಅಷ್ಟೇ ಬೇಗ ಕುಗ್ಗಿ, ಡ್ರಮ್ಮಿನ ಬಾಯಲ್ಲಿ ಕೂತು ಉರಿಯತೊಡಗಿತು. ಪಕ್ಕದ ವೆಲ್ಡಿಂಗ್ ಶಾಪಿನ ನವೀದ್ ಸದ್ದು ಕೇಳಿ ಓಡಿ ಬಂದ. ನಾನೂ ಅವನೂ ಮರಳು ಎರಚಿ, ತೊಟ್ಟಿಯ ನೀರು ಸುರಿದು ಆರಿಸಿದೆವು.

ತಿರುಗಿ ನೋಡಿದರೆ ಅಪ್ಪ ಮತ್ತು ಅಕ್ಕ ನೆಲದ ಮೇಲೆ ಎದುರುಬದುರು ಕೂತಿದ್ದರು. ಅಪ್ಪನ ಬಲಗಣ್ಣು ಕೆಂಡದಂತಾಗಿ ನೀರು ಸುರಿಯುತ್ತಿತ್ತು. ಅವನು ಅದನ್ನು ಉಜ್ಜಲು ಕೈ ಎತ್ತಿದ. ಅಕ್ಕ ತನ್ನ ಮೊಣಕೈಯಿಂದ ಅವನ ಕೈಯನ್ನು ತಳ್ಳಿ, “ಮುಟ್ಟಬ್ಯಾಡ!” ಅಂತ ಗದರಿದಳು.

ನವೀದ್ ತನ್ನ ವ್ಯಾನು ತಂದ. ಚನ್ನರಾಯಪಟ್ಟಣದಿಂದ ಹಾಸನ ದೂರವೇನಲ್ಲ, ರಸ್ತೆಯೂ ಚೆನ್ನಾಗಿದೆ. ಆ ದಿನ ಮಾತ್ರ ನಡುದಾರಿಯ ಶಾಂತಿಗ್ರಾಮವೇ ಬರಲಿಲ್ಲ ಅನ್ನಿಸಿತು. ಹಿಂದಿನ ಸೀಟಿನಲ್ಲಿ ಅಪ್ಪ ಕಣ್ಣು ಮುಚ್ಚಿ ಕೂತಿದ್ದ. ಅಕ್ಕ ಒದ್ದೆ ಬಟ್ಟೆ ಸುತ್ತಿದ ಕೈಗಳನ್ನು ಎದೆಗಿಟ್ಟುಕೊಂಡಿದ್ದಳು. ಅಪ್ಪ ಕೇಳಿದ: “ಉರೀತದೇನಮ್ಮಿ?”

“ಕಣ್ ತೆಗೀಬ್ಯಾಡ. ಸುಮ್ಕೆ ಕೂತ್ಕೊ.”

“ಕೈ ಉರೀತದಾ ಅಂತ ಕೇಳ್ದೆ.”

“ಊಂ. ಉರೀತದೆ.”

ನಾನು ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗದೆ ಕೂತಿದ್ದೆ.

ಆಸ್ಪತ್ರೆಯಲ್ಲಿ ಇದೇ ಬೆಂಚು ಇತ್ತೋ, ಬೇರೆಯದಿತ್ತೋ ನೆನಪಿಲ್ಲ. ಸುಟ್ಟ ಗಾಯಕ್ಕೆ ಬೇರೆ ಆಸ್ಪತ್ರೆಗೆ ಹೋಗಿ ಅಂದರೆ ಅಕ್ಕ ಕೇಳಲಿಲ್ಲ. “ಕಣ್ಣಿನ್ ಇಚಾರ ಗೊತ್ತಾಗ್ಲಿ, ಆಮೇಲ್ ಓಗುಮ” ಅಂದು ಗೋಡೆಗೆ ತಲೆಯಾನಿಸಿ ನಿಂತಳು. ಡಾಕ್ಟರಮ್ಮ ಹೊರಗೆ ಬಂದವರು ನಮ್ಮನ್ನು ಮೊದಲು ಚೆನ್ನಾಗಿ ಬಯ್ದರು. ಬಯ್ಯುತ್ತಿದ್ದಾರೆಂದರೆ ಕಣ್ಣು ಹೋಗಿಲ್ಲ ಅಂತ ನನಗೆ ಸ್ವಲ್ಪ ಧೈರ್ಯ ಬಂತು. ಕಣ್ಣು ತೊಳೆದಿದ್ದೇವೆ, ಒಳಗಿನ ಲೆನ್ಸ್ ಜಾಗ ಬಿಟ್ಟಿಲ್ಲ, ಆದರೆ ಮೇಲೆ ಗೀರಾಗಿದೆ, ಕೀವಾದರೆ ಹೇಳಲಾಗದು ಅಂದರು. ಒಂದು ವಾರ ದಿನಾ ಕರೆದುಕೊಂಡು ಬರಬೇಕು.

ಆ ವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಪ್ರತಿ ಬೆಳಿಗ್ಗೆ ಅಪ್ಪನ ರೆಪ್ಪೆ ಬಿಡಿಸಿ ನೋಡುವ ನನ್ನ ಹೆಂಡತಿಯ ಮುಖವನ್ನೇ ನಾವು ನೋಡುತ್ತಿದ್ದೆವು. ಅಕ್ಕನ ಎರಡು ಕೈಗೂ ಬ್ಯಾಂಡೇಜು. ಅವಳಿಗೆ ಊಟ ಮಾಡಿಸಬೇಕಿತ್ತು. ಒಂದು ಮಧ್ಯಾಹ್ನ ನಾನು ಕೆಲಸದಿಂದ ಬರುವುದು ತಡವಾಯಿತು. ಬಂದು ಬಾಗಿಲಲ್ಲಿ ನಿಂತೆ. ಅಪ್ಪ ತಟ್ಟೆ ಮುಂದಿಟ್ಟುಕೊಂಡು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅಕ್ಕನ ಬಾಯಿಗೆ ಹಿಡಿಯುತ್ತಿದ್ದ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಗುರಿ ಸಿಗದೆ ತುತ್ತು ಅವಳ ಮೂಗಿಗೆ ತಾಗಿ ಸಾರು ಗಲ್ಲದ ಮೇಲೆ ಇಳಿಯುತ್ತಿತ್ತು.

“ಬಾಯಿ ಇಲ್ಲಿ ಅದೆ ಕಣಪ್ಪ, ಕೆಳಕ್ಕೆ.”

“ಬಾಯ್ ಮುಂದುಕ್ ತತ್ತಾ ಮತ್ತೆ. ಇಷ್ಟ್ ದಿನ ಮಾತಾಡಕ್ಕೆ ಎಲ್ಲಿತ್ತೋ ಅಲ್ಲೇ ಇರ್ಬೇಕಲ್ಲ.”

ನಾನು ಸದ್ದು ಮಾಡದೆ ಹಿತ್ತಲ ಕಡೆಗೆ ಹೋಗಿ ಕೂತೆ.

ಕಣ್ಣು ಉಳಿಯಿತು. ಗೀರು ಮಾಯಿತು. ಅಕ್ಕನ ಬಲ ಅಂಗೈಯಲ್ಲಿ ರೇಖೆಗಳಿಲ್ಲದ ಒಂದು ನುಣುಪಾದ ಜಾಗ ಹಾಗೇ ಉಳಿದಿದೆ. ತಣ್ಣಗಿನ ದಿನಗಳಲ್ಲಿ ಬೆರಳು ಪೂರ್ತಿ ಮಡಚಲಾಗುವುದಿಲ್ಲ. ಅರಕಲಗೂಡಿನವರ ಬಾಗಿಲುಗಳನ್ನು ಗೃಹಪ್ರವೇಶಕ್ಕೆ ಪಾಲಿಷ್ ಇಲ್ಲದೆ ಬರಿಮರದಲ್ಲೇ ಕೂರಿಸಿ, ಅಕ್ಕನ ಕೈ ವಾಸಿಯಾದ ಮೇಲೆ ಅವರ ಮನೆಗೇ ಹೋಗಿ ಬಣ್ಣ ಹಾಕಿ ಬಂದೆವು. ಜಮೀನಿನ ಕಾಗದದ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಹೋದ ವರ್ಷ ತಾನೇ ಮುಂದೆ ನಿಂತು ಕೆರೆಯ ಕೆಳಗಿನ ಗದ್ದೆಯನ್ನು ಅಕ್ಕನ ಹೆಸರಿಗೆ ಮಾಡಿಸಿದ. ಈಗ ಅಲ್ಲಿ ಯಾವ ಭತ್ತ ಹಾಕಬೇಕು ಅಂತ ಇಬ್ಬರೂ ಫೋನಿನಲ್ಲಿ ಜಗಳವಾಡುತ್ತಾರೆ.

ನನ್ನ ಶೆಡ್ಡಿನಲ್ಲಿ ವ್ಯಾಕ್ಯೂಮು ಈಗ ಒಳಗಿಲ್ಲ. ಹೊರಗೋಡೆಗೆ ತಗಡಿನ ಚಿಕ್ಕ ಮಾಡು ಇಳಿಸಿ ಅದರಡಿ ಇಟ್ಟಿದ್ದೇನೆ. ಮಿಷನ್ನಿಗೆ ಮುಂಚೆ, ನಡುವೆ, ಇನ್ನೊಂದು ಖಾಲಿ ತಗಡಿನ ಡ್ರಮ್ಮು. ಪೈಪಿನಿಂದ ಬಂದ ಧೂಳು ಮೊದಲು ಆ ಡ್ರಮ್ಮಿಗೆ ಓರೆಯಾಗಿ ನುಗ್ಗಿ, ಸುತ್ತು ಹೊಡೆದು, ತನ್ನ ಭಾರಕ್ಕೆ ತಾನೇ ತಳ ಸೇರುತ್ತದೆ. ಬರಿ ಗಾಳಿ ಮಾತ್ರ ಮೇಲಿನಿಂದ ಮಿಷನ್ನಿಗೆ ಹೋಗುತ್ತದೆ. ಫಿಲ್ಟರಿನ ತನಕ ಬರುವ ಧೂಳು ಒಂದು ಚಿಟಿಕೆ. ಮೊದಮೊದಲು ಈ ನಡುವಿನ ಡ್ರಮ್ಮನ್ನು ಪೇಂಟಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾಡಿದ್ದೆ. ಗಾಳಿ ಎಳೆದ ರಭಸಕ್ಕೆ ಅದು ಢಮಾರ್ ಅಂತ ಒಳಕ್ಕೆ ಕುಸಿಯಿತು. ಅಕ್ಕ ಎರಡು ದಿನ ನಕ್ಕಳು. ಊಟಕ್ಕೆ ಏಳುವ ಮೊದಲು ಡ್ರಮ್ಮು ಖಾಲಿಯಾಗಬೇಕು. ಹಳೆಯ ಮರದ ಮೇಲೆ ಮೊದಲು ಅಯಸ್ಕಾಂತ ಓಡಿಸಬೇಕು. ಫಿಲ್ಟರನ್ನು ಯಾರೂ ಬಡಿಯಬಾರದು, ಬ್ರಷ್ಷಿನಿಂದ ಮೆಲ್ಲಗೆ ಸವರಬೇಕು. ತೊಳೆದರೆ ಪೂರಾ ಒಣಗಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಅದಕ್ಕೆ ವಯಸ್ಸಾಗುತ್ತದೆ. ಆಗ ಹೊಸದು ತರಬೇಕು.

ಇಷ್ಟು ಹೇಳುವ ಹೊತ್ತಿಗೆ ಹಸಿರು ಪರದೆ ಸರಿಯಿತು. ನಾನು ಎದ್ದು ನಿಂತೆ. ಅಪ್ಪ ಎಡಗಣ್ಣಿಗೆ ಪಟ್ಟಿ ಹಾಕಿಸಿಕೊಂಡು ಮೆಲ್ಲಗೆ ಬಂದ, ಅಕ್ಕನ ಭುಜದ ಮೇಲೆ ಕೈಯಿಟ್ಟುಕೊಂಡು. ಹಿಂದೆ ಬಂದ ನರ್ಸು ನನ್ನನ್ನು ನೋಡಿ, “ಮಗನಾ ನೀವು? ಆಪರೇಷನ್ ಚೆನ್ನಾಗಾಗಿದೆ. ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ” ಅಂತ ಶುರುಮಾಡಿದಳು.

“ಅವ್ನಿಗಲ್ಲ ಕಣವ್ವ,” ಅಂದ ಅಪ್ಪ. “ಇವ್ಳಿಗ್ ಯೋಳು. ನಾನ್ ಇವ್ಳ ಮನೇಗ್ ಓಯ್ತಿರದು.”

ಹೊರಗೆ ಭಾವ ಕಾರು ತಂದು ನಿಲ್ಲಿಸಿದ್ದ. ಕಿಟಕಿ ಇಳಿಸಬೇಕು ಅಂತ ಅಪ್ಪ, ಏರಿಸಬೇಕು ಅಂತ ಅಕ್ಕ. ಗಾಜು ಏರಿತು. ಕಾರು ಹೊಳೆನರಸೀಪುರದ ಕಡೆಗೆ ತಿರುಗಿಕೊಂಡಿತು. ಒಳಗೆ ಇಬ್ಬರ ಕೈಗಳೂ ಆಡುತ್ತಲೇ ಇದ್ದವು.

ತೂಕಡಿಸುತ್ತಿದ್ದ ಹಿರಿಯರು ಕಾಫಿಗೆಂದು ಹೊರಗೆ ಬಂದವರು ನನ್ನ ಪಕ್ಕ ನಿಂತರು. “ನಿಮ್ ತಂದೇರಾ? ಯಾರ್ ಕರ್ಕೊಂಡ್ ಓದ್ರು?”

“ಅಕ್ಕ. ಹೊಳೆನರಸೀಪುರದಲ್ಲಿ ಅವಳ ಮನೆ. ಕಣ್ಣು ವಾಸಿಯಾಗೋವರೆಗೆ ಅಲ್ಲೇ ಇರ್ತಾರೆ.”

ಅವರಿಗೆ ಅದು ಸರಿಬರಲಿಲ್ಲ. ನಮ್ಮ ಕಡೆಯ ಹಳೆಯ ಕಾಲದ ಗಂಡಸರು ಹೆಣ್ಣು ಕೊಟ್ಟ ಮನೆಯಲ್ಲಿ ಒಂದು ಹೊತ್ತು ಉಂಡರೆ ಹೆಚ್ಚು. ಹಾಸಿಗೆ ಹಾಸಿಕೊಂಡು ಇರುವ ಮಾತೇ ಇಲ್ಲ. “ಮಗ ನೀವಿದ್ದೀರಿ,” ಅಂದರು, “ಮಗಳ ಮನೇಗಾ?”

“ಹೂಂ,” ಅಂದೆ. “ಅವರೇ ಕೇಳ್ಕೊಂಡು ಹೋದ್ರು.”